ಬದಲಿಗೆ ಕೊಟ್ಟ ಕತ್ತಿ

ಶ್ರೀರಂಗಪಟ್ಟಣದಲ್ಲಿ ಒಂದು ಮಲಗುವ ಕೋಣೆ ಹುಡುಕಿಕೊಂಡು ಹೋಗಿದ್ದೆ. ಸಿಗಲಿಲ್ಲ. ಸಿಗುವುದಿಲ್ಲ ಎಂದು ಗೊತ್ತಿದ್ದೇ ಹೋಗಿದ್ದು. ರಂಗನಾಥನ ಗುಡಿಯ ಹತ್ತಿರವೇ ಲಾಲ್ ಮಹಲ್ ಇತ್ತು, ಟಿಪ್ಪು ವಾಸವಿದ್ದ ಅರಮನೆ. ಈಗ ಅಲ್ಲಿ ಉಳಿದಿರುವುದು ಅಡಿಪಾಯದ ಕಲ್ಲು, ಹುಲ್ಲು, ಒಂದು ಫಲಕ. ನಾವು ಹೋದಾಗ ಎರಡು ಮೇಕೆ ಮೇಯುತ್ತಿದ್ದವು. ಜತೆಗಿದ್ದ ಚಿಕ್ಕಪ್ಪ ಸುತ್ತ ಒಂದು ಸಲ ನೋಡಿ, "ಇದ್ನ ನೋಡಕ್ಕೆ ಮಂಡ್ಯದಿಂದ ಎಳ್ಕಂಡ್ ಬಂದೇನ್ಲಾ?" ಎಂದರು.

"ನೂರ ನಲವತ್ತು ಕೋಟಿಯ ಕತ್ತಿ ಇಲ್ಲಿಂದಲೇ ಹೋಗಿದ್ದು ಚಿಕ್ಕಪ್ಪ" ಅಂದೆ.

ಅವರು ಕೋಲಿನ ತುದಿಯಿಂದ ಹುಲ್ಲು ಕೆದಕಿದರು. "ಇನ್ನೊಂದೇನಾರ ಬಿದ್ದದಾ ನೋಡು ಮತ್ತೆ."

ನಾನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. 2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿ ಮಾರಾಟವಾಯಿತು. 15ರಿಂದ 20 ಲಕ್ಷ ಪೌಂಡ್ ಬರಬಹುದು ಎಂದು ಅಂದಾಜು ಮಾಡಿದ್ದರು. ಬಂದದ್ದು 1 ಕೋಟಿ 40 ಲಕ್ಷ ಪೌಂಡ್. ನಮ್ಮ ದುಡ್ಡಲ್ಲಿ 140 ಕೋಟಿ ದಾಟುತ್ತದೆ. ಉಕ್ಕಿನ ಅಲಗು, ಹಿಡಿಯ ತುಂಬ ಚಿನ್ನದ ಬರಹ. ಆ ಬರಹದಲ್ಲಿರುವುದು ದೇವರ ಗುಣಗಳು, ದೇವರನ್ನು ಹೆಸರು ಹಿಡಿದು ಕರೆಯುವ ಪ್ರಾರ್ಥನೆ. ಅಲಗಿನ ಮೇಲೆ 'ಶಮ್‌ಶೀರ್ ಎ ಮಲಿಕ್' ಎಂದಿದೆ. ದೊರೆಯ ಕತ್ತಿ ಎಂದರ್ಥ.

ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ದಿನ ಅದೇ ಸುದ್ದಿ. ಟಿಪ್ಪು ಎಂದರೆ ನಮ್ಮ ಮನೆಯಲ್ಲೇ ಎರಡು ಪಕ್ಷ, ಜಗಳ ಊಟದ ತಟ್ಟೆಯವರೆಗೂ ಬರುತ್ತದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಎಲ್ಲರೂ ಅದನ್ನು ಟಿಪ್ಪುವಿನ ಕತ್ತಿ ಎಂದರು. ಆದರೆ ಅದು ಟಿಪ್ಪುವಿನ ಹತ್ತಿರ ಇದ್ದದ್ದಕ್ಕಿಂತ ಎಷ್ಟೋ ಜಾಸ್ತಿ ಕಾಲ ಇನ್ನೊಬ್ಬನಿಗೆ ಕೊಟ್ಟ ಉಡುಗೊರೆಯಾಗಿ ಬದುಕಿದೆ. ಕೊಟ್ಟಿದ್ದು ಮೇಜರ್ ಜನರಲ್ ಡೇವಿಡ್ ಬೇರ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿಗೆ. ಯಾಕೆ ಕೊಟ್ಟರು ಎಂಬ ಕಥೆಯೇ ನನ್ನನ್ನು ಆ ಮೇಕೆಗಳ ಹತ್ತಿರ ಕರೆದುಕೊಂಡು ಹೋಗಿದ್ದು.

ಮೊದಲು ಆ ಕೋಣೆ. ಟಿಪ್ಪು ಸತ್ತ ಮರುವರ್ಷ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿಗೆ ಬಂದಿದ್ದ. ಬೆಳೆ, ಮಣ್ಣು, ಜಾತಿ, ಕಸುಬು ಎಲ್ಲವನ್ನೂ ಬರೆದುಕೊಂಡು ಹೋದವನು. ಈ ಕೋಣೆಯ ವಿಷಯವನ್ನೂ ಬರೆದಿದ್ದಾನೆ. ಅದಕ್ಕೆ ಹೋಗುವ ಇಕ್ಕಟ್ಟಾದ ದಾರಿಯಲ್ಲಿ ನಾಲ್ಕು ಹುಲಿ ಕಟ್ಟಿದ್ದರಂತೆ. ಒಳಗೆ ಸುಲ್ತಾನ ಮಂಚದ ಮೇಲೆ ಮಲಗುತ್ತಿರಲಿಲ್ಲ. ಚಾವಣಿಯಿಂದ ಸರಪಳಿಯಲ್ಲಿ ಇಳಿಬಿಟ್ಟ ಬಟ್ಟೆಯ ತೂಗುಹಾಸಿಗೆ, ಅದರಲ್ಲೇ ಪಕ್ಕಕ್ಕೆ ಒಂದು ಕತ್ತಿ, ಗುಂಡು ತುಂಬಿದ ಎರಡು ಪಿಸ್ತೂಲು. ಬಾಗಿಲು ಭದ್ರ. ರಾತ್ರಿ ಒಂದು ಹೊತ್ತಿನಲ್ಲಿ ಎಚ್ಚರವಾದರೆ ಕೈಗೆ ಮೊದಲು ಸಿಗಬೇಕಾದದ್ದು ಆ ಕತ್ತಿ. ಇದನ್ನು ಓದಿದ ಮೇಲೆ ಆ ಚಿನ್ನದ ಬರಹ ನನಗೆ ಬೇರೆ ಥರ ಕಾಣಿಸಿತು. ನಿದ್ದೆ ಬಾರದವನು ದೇವರ ಹೆಸರು ಬರೆದ ಹಿಡಿಯನ್ನು ಕತ್ತಲಲ್ಲಿ ಮುಟ್ಟಿ ನೋಡಿಕೊಳ್ಳುವುದು.

ಇನ್ನು ಬೇರ್ಡ್. ಅವನು ಈ ಊರಿಗೆ ಮೊದಲ ಸಲ ಬಂದದ್ದು ಕೈದಿಯಾಗಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿಯ ಪಡೆಯನ್ನು ಪೂರ್ತಿ ಮುಗಿಸಿಹಾಕಿದರು. ದರಿಯಾ ದೌಲತ್‌ನ ಗೋಡೆಯ ಮೇಲೆ ಆ ಚಿತ್ರ ಇವತ್ತಿಗೂ ಇದೆ. ಮದ್ದಿನ ಬಂಡಿ ಸಿಡಿಯುತ್ತಿದೆ, ನಡುವೆ ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ ಬೆರಳು ಕಚ್ಚಿಕೊಂಡಿದ್ದಾನೆ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ನಕ್ಕದ್ದು ಆ ಬೆರಳು ನೋಡಿಯೇ. ಆ ದಿನ ಗಾಯಗೊಂಡು ಸಿಕ್ಕಿಬಿದ್ದವರಲ್ಲಿ 22 ವರ್ಷದ ಕ್ಯಾಪ್ಟನ್ ಬೇರ್ಡ್ ಇದ್ದ. ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಬೇಡಿ ಹಾಕಿಸಿಕೊಂಡು ಇದ್ದ. ಬೇಯ್ಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಬೇರ್ಡ್ ಬದುಕಿಕೊಂಡ. 1784ರಲ್ಲಿ ಮಂಗಳೂರು ಒಪ್ಪಂದವಾದ ಮೇಲೆ ಬಿಡುಗಡೆ.

ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಕಟ್ಟಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ ಅಳಲಿಲ್ಲವಂತೆ. ನಮ್ಮ ಡೇವಿ ಜತೆ ಕಟ್ಟಿಸಿಕೊಂಡವನ ಪಾಡು ನೆನೆದರೆ ಅಯ್ಯೋ ಅನ್ನಿಸುತ್ತೆ ಎಂದಳಂತೆ. ಬೇರ್ಡ್ ಬಗ್ಗೆ ಬರೆದವರೆಲ್ಲ ಈ ಕಥೆ ಬಿಡುವುದಿಲ್ಲ. ಮಗನ ಸಿಟ್ಟು ತಾಯಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ, ಅಲ್ವಾ?

ಚಿಕ್ಕಪ್ಪನನ್ನು ಬೇಯ್ಲಿ ಬಂದೀಖಾನೆಗೂ ಕರೆದುಕೊಂಡು ಹೋದೆ. ಇಟ್ಟಿಗೆಯ ಕಮಾನು, ಹೊಳೆಯ ಕಡೆಯ ಗಾಳಿ, ಗೋಡೆಯುದ್ದಕ್ಕೂ ತೂತು ಕೊರೆದ ಕಲ್ಲಿನ ಹಲಗೆಗಳು. ಕೈದಿಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದದ್ದು ಆ ಕಲ್ಲುಗಳಿಗೆ. ಮೇಲಿನಿಂದ ಚಾವಣಿ ಒಡೆದುಕೊಂಡು ಬಿದ್ದ ಒಂದು ಫಿರಂಗಿ ಇನ್ನೂ ಅಲ್ಲೇ ಬಿದ್ದಿದೆ. ಕಾಲೇಜು ಹುಡುಗರು ಕಲ್ಲಿನ ತೂತುಗಳ ಪಕ್ಕ ಕೈ ಚಾಚಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚಿಕ್ಕಪ್ಪ ಒಂದು ತೂತಿನೊಳಗೆ ಬೆರಳು ಹಾಕಿ ನೋಡಿ ಏನೂ ಹೇಳದೆ ಹೊರಗೆ ಬಂದರು. ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದವರು ಅವರು. ಇಂಥ ಜಾಗಗಳಲ್ಲಿ ಅವರು ಮಾತಾಡುವುದು ಕಡಿಮೆ.

ಒಂದೇ ಊರು. ಒಬ್ಬನಿಗೆ ಹಾಸಿಗೆ ತೂಗಲು ಸರಪಳಿ, ಇನ್ನೊಬ್ಬನಿಗೆ ಕಾಲಿಗೆ.

ಹದಿನೈದು ವರ್ಷದ ನಂತರ ಆ ಕೈದಿ ತಿರುಗಿ ಬಂದ. 1799ರ ಮೇ 4ರ ಮಧ್ಯಾಹ್ನ, ಬಿಸಿಲಿಗೆ ಕಾವೇರಿ ಬತ್ತಿ ಕಲ್ಲು ಕಾಣುವ ಕಾಲದಲ್ಲಿ, ಕೋಟೆಯ ಒಡೆದ ಗೋಡೆಯ ಮೇಲೆ ನುಗ್ಗುವ ಪಡೆಯನ್ನು ನಡೆಸಿದವನು ಬೇರ್ಡ್. ನಾನೇ ಹೋಗುತ್ತೇನೆ ಎಂದು ಕೇಳಿ ಪಡೆದುಕೊಂಡಿದ್ದ. ಕಂದಕದಿಂದ ಮೇಲೆ ಬಂದು ಕತ್ತಿ ಹಿರಿದು ಮುಂದೆ ಓಡಿದ. ಕೆಲವೇ ನಿಮಿಷಗಳಲ್ಲಿ ಗೋಡೆಯ ಮೇಲೆ ಅವರ ಬಾವುಟ. ಆ ರಾತ್ರಿ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯೊಳಗೆ ಟಿಪ್ಪುವಿನ ದೇಹ ಹುಡುಕಿಸಿದಾಗಲೂ ಅವನು ಅಲ್ಲೇ ನಿಂತಿದ್ದ.

ಇಷ್ಟಾದ ಮೇಲೆ ಊರಿನ ಅಧಿಕಾರ ಯಾರಿಗೆ ಬರಬೇಕು? ಯಾರನ್ನು ಕೇಳಿದರೂ ಬೇರ್ಡ್ ಎನ್ನುತ್ತಾರೆ. ಬರಲಿಲ್ಲ. ಮಾರನೆಯ ದಿನವೇ ಸೇನಾಪತಿ ಹ್ಯಾರಿಸ್ ಆ ಜಾಗಕ್ಕೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು ನೇಮಿಸಿದ. ಬೇರ್ಡ್ 41 ವರ್ಷದ ಮೇಜರ್ ಜನರಲ್. ವೆಲ್ಲೆಸ್ಲಿಗೆ ಆ ಮೇ 1ಕ್ಕಷ್ಟೇ 30 ತುಂಬಿತ್ತು. ಹಿಂದಿನ ತಿಂಗಳು ಸುಲ್ತಾನಪೇಟೆಯ ತೋಪಿನಲ್ಲಿ ರಾತ್ರಿ ದಾಳಿಗೆ ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಕೆಲವು ಸೈನಿಕರನ್ನು ಕಳೆದುಕೊಂಡು ವಾಪಸು ಬಂದಿದ್ದವನು. ಆದರೆ ಅವನ ಅಣ್ಣ ಗವರ್ನರ್ ಜನರಲ್. ಇದನ್ನು ವಿವರಿಸಿದಾಗ ಚಿಕ್ಕಪ್ಪ, "ಇನ್ನೇನ್ಲಾ ಮತ್ತೆ, ಅಷ್ಟೇಯ" ಎಂದರು. ಪಾಠ ಅವರಿಗೆ ಮೊದಲೇ ಗೊತ್ತಿತ್ತು.

ಆ ಬೆಳಗಿನ ಒಂದು ದೃಶ್ಯ ನನಗೆ ಬಹಳ ಇಷ್ಟ. ಬೇರ್ಡ್ ಮತ್ತು ಅವನ ಅಧಿಕಾರಿಗಳು ಟಿಪ್ಪುವಿನ ಅರಮನೆಯಲ್ಲಿ ತಿಂಡಿಗೆ ಕೂತಿದ್ದಾರೆ. ವೆಲ್ಲೆಸ್ಲಿ ಒಳಗೆ ಬಂದು, ಊರಿನ ಅಧಿಕಾರ ನನಗೆ ಕೊಟ್ಟಿದ್ದಾರೆ, ಹುಕುಂ ಇಲ್ಲಿದೆ ಎಂದು ಕಾಗದ ತೋರಿಸುತ್ತಾನೆ. ಬೇರ್ಡ್ ಎದ್ದು ನಿಂತು, ನಡೆಯಿರಿ, ನಮಗಿನ್ನು ಇಲ್ಲಿ ಕೆಲಸವಿಲ್ಲ ಎನ್ನುತ್ತಾನೆ. ಅದಕ್ಕೆ ವೆಲ್ಲೆಸ್ಲಿ, ಅಯ್ಯೋ, ತಿಂಡಿ ಮುಗಿಸಿಕೊಂಡೇ ಹೋಗಿ ಎನ್ನುತ್ತಾನೆ. ಗೆದ್ದ ಅರಮನೆಯಲ್ಲಿ ಅರ್ಧ ತಿಂದ ತಟ್ಟೆ ಬಿಟ್ಟು ಏಳುವ ಆ ಹೊತ್ತು ಅವನಿಗೆ ಹೇಗಿದ್ದೀತು! ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಮೇಲೆ ವೆಲ್ಲೆಸ್ಲಿ ಇದಕ್ಕೆ ಸಮಜಾಯಿಷಿ ಕೊಟ್ಟದ್ದುಂಟು. ಬೇರ್ಡ್ ಧೈರ್ಯಶಾಲಿ, ಆದರೆ ನಯ ಇಲ್ಲ, ಸೆರೆಯಲ್ಲಿದ್ದ ಕಾರಣ ಇಲ್ಲಿನ ಜನರ ಮೇಲೆ ಮುನಿಸಿತ್ತು ಎಂದು. ಅಂದರೆ ಕಂಪನಿಗಾಗಿ ಯಾವ ಊರಿನಲ್ಲಿ ಬೇಡಿ ಹಾಕಿಸಿಕೊಂಡನೋ, ಆ ಬೇಡಿಯೇ ಅವನ ಅನರ್ಹತೆ. ವೆಲ್ಲೆಸ್ಲಿಯ ಮಾತಿನಲ್ಲಿ ನ್ಯಾಯ ಇಲ್ಲವೆನ್ನಲಾರೆ. ಸಿಟ್ಟಿರುವವನ ಕೈಗೆ ಸೋತ ಊರನ್ನು ಕೊಡಬಾರದು. ಊರಿನ ಜನರ ಕಡೆಯಿಂದ ನೋಡಿದರೆ ಆದದ್ದು ಒಳ್ಳೆಯದೇ. ಬೇರ್ಡ್ ಕಡೆಯಿಂದ ನೋಡಿದರೆ ಮಾತ್ರ ಗಂಟಲು ಕಟ್ಟುತ್ತದೆ.

ಬೇರ್ಡ್ ಹ್ಯಾರಿಸ್‌ಗೆ ಕಟುವಾದ ಪತ್ರ ಬರೆದ. ಸಿಕ್ಕಿದ್ದು ಛೀಮಾರಿ. ಆಮೇಲೆ ಬಂತು ಕತ್ತಿ. ದಾಳಿಯಲ್ಲಿ ತೋರಿದ ಧೈರ್ಯಕ್ಕೆ, ನಡೆಸಿದ ರೀತಿಗೆ ಸೇನೆಯ ಮೆಚ್ಚುಗೆ ಎಂದು, ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿದ್ದ ಕತ್ತಿಯನ್ನು ಸೇನೆಯ ಪರವಾಗಿ ಅವನಿಗೆ ಒಪ್ಪಿಸಿದರು. ಊರು ಕೊಡಲಿಲ್ಲ, ಊರಿನ ದೊರೆಯ ಕತ್ತಿ ಕೊಟ್ಟರು.

ಕಂಡೋರ ದುಡ್ಡು ಯಲ್ಲಮ್ಮನ ಜಾತ್ರೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ. ಶ್ರೀರಂಗಪಟ್ಟಣದ ಲೂಟಿಯ ಲೆಕ್ಕ ನೋಡಿದರೆ ಜಾತ್ರೆಯೇ. ಹುಲಿಯ ಮೇಲೆ ನಿಂತ ಚಿನ್ನದ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಸೇನಾಪತಿ ಹ್ಯಾರಿಸ್ ಪಾಲಿಗೆ ಬಂದದ್ದು 1 ಲಕ್ಷ 40 ಸಾವಿರ ಪೌಂಡಿಗೂ ಮೇಲೆ. ವೆಲ್ಲೆಸ್ಲಿಗೆ ಸುಮಾರು 4,000. ಇವರು ಯಾರಿಗೂ ಕತ್ತಿಯ ಅವಶ್ಯಕತೆ ಬೀಳಲಿಲ್ಲ ನೋಡಿ. ಒಬ್ಬನಿಗೆ ದುಡ್ಡು, ಒಬ್ಬನಿಗೆ ಅಧಿಕಾರ. ಎರಡನೆಯದು ಸಿಗದವನಿಗೆ ಸನ್ಮಾನ.

ಇಲ್ಲಿಂದ ನನಗೆ ಒಂದು ಚಟ ಹತ್ತಿತು. ಸೇನಾಧಿಕಾರಿಗೆ ಅಲಂಕಾರದ ಕತ್ತಿ ಕೊಟ್ಟರು ಎಂದು ಎಲ್ಲಿ ಓದಿದರೂ, ಯಾವುದರ ಬದಲಿಗೆ ಎಂದು ಹುಡುಕುವುದು. ಎಲ್ಲ ಕಡೆ ಇದು ಸರಿಹೋಗುವುದಿಲ್ಲ. ನಮ್ಮ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಮುಗಿಸುವ ಹುಡುಗರಲ್ಲಿ ಎಲ್ಲದರಲ್ಲೂ ಮುಂದಿರುವವನಿಗೆ ಸ್ವೋರ್ಡ್ ಆಫ್ ಆನರ್ ಕೊಡುತ್ತಾರೆ. ಅದು ಯಾವುದರ ಬದಲಿಗೂ ಅಲ್ಲ, ಅದು ಶುರು. ಆದರೆ 1803ರಲ್ಲಿ ಲಂಡನ್ನಿನ ಲಾಯ್ಡ್ಸ್ ವ್ಯಾಪಾರಿಗಳು ಸೇರಿ ಕಟ್ಟಿದ ದೇಶಭಕ್ತಿಯ ನಿಧಿಯ ಕಥೆ ನೋಡಿ. ನೆಪೋಲಿಯನ್ ಜತೆಗಿನ ಯುದ್ಧದಲ್ಲಿ ಹೆಸರು ಮಾಡಿದವರಿಗೆ ಅವರು ಕತ್ತಿ ಕೊಡುತ್ತಿದ್ದರು. ನೀಲಿ ಬಣ್ಣದ ಅಲಗಿನ ಮೇಲೆ ಚಿನ್ನದ ಚಿತ್ತಾರ, ಹಿಡಿಯಲ್ಲಿ ಪುರಾಣದ ವೀರ ಹರ್ಕ್ಯುಲಿಸ್‌ನ ಗದೆ. ಅದರಲ್ಲಿ ದರ್ಜೆ ಬೇರೆ. 100 ಪೌಂಡಿನದು, 50 ಪೌಂಡಿನದು, 30 ಪೌಂಡಿನದು. ಕ್ಯಾಪ್ಟನ್ನಿಗೆ ನೂರರದು, ಚಿಕ್ಕವರಿಗೆ ಚಿಕ್ಕದು. ಕತ್ತಿ ಬೇಡ, ದುಡ್ಡೇ ಕೊಡಿ ಎಂದು ಕೇಳುವುದಕ್ಕೂ ಅವಕಾಶವಿತ್ತು. ಕೇಳಿದವರೂ ಇದ್ದರು. ನನಗೆ ಅವರ ಮೇಲೆ ಗೌರವ.

ಇನ್ನು ನಮ್ಮ ವೇದಿಕೆಗಳ ಬೆಳ್ಳಿ ಕತ್ತಿಯ ವಿಷಯ ಹೇಳಲೇಬೇಕಾಗಿಲ್ಲ. ಮೈಸೂರು ಪೇಟ, ಏಲಕ್ಕಿ ಹಾರ, ಒಂದು ಕತ್ತಿ ಅಥವಾ ಗದೆ. ಅದನ್ನು ಎತ್ತಿ ಹಿಡಿದ ಫೋಟೋ ತೆಗೆದ ಮೇಲೆ ಆ ಕತ್ತಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿದವರಿಲ್ಲ. ಯಾರಾದರೂ ಪತ್ತೆ ಹಚ್ಚಿದರೆ ನನಗೂ ಹೇಳಿ.

ಹಾಗೆಂದು ಬದಲಿಗೆ ನಿಲ್ಲುವುದೆಲ್ಲ ಸುಳ್ಳು ಎನ್ನುತ್ತಿಲ್ಲ. 2014ರ ದಸರಾ ನೆನಪಿದೆಯೇ? ಹಿಂದಿನ ವರ್ಷದ ಡಿಸೆಂಬರಿನಲ್ಲಿ ಶ್ರೀಕಂಠದತ್ತ ಒಡೆಯರ್ ತೀರಿಕೊಂಡಿದ್ದರು. ಸಿಂಹಾಸನದ ಮೇಲೆ ಕೂರುವವರಿರಲಿಲ್ಲ. ಪಟ್ಟದ ಕತ್ತಿಯನ್ನೇ ಅದರ ಮೇಲೆ ಇಟ್ಟು ಖಾಸಗಿ ದರ್ಬಾರು ನಡೆಸಿದರು. ಟೀವಿಯಲ್ಲಿ ನೋಡುವಾಗ ನಮ್ಮಜ್ಜಿ ಕೂತಲ್ಲೇ ಕೈ ಮುಗಿದಿದ್ದರು. ಅಲ್ಲಿ ಇಲ್ಲದವರ ಜಾಗವನ್ನು ಕತ್ತಿ ಕಾಯುತ್ತಿತ್ತು. ಬೇರ್ಡ್ ಕೈಗೆ ಬಂದ ಕತ್ತಿ ಯಾರ ಜಾಗವನ್ನು ಕಾಯಬೇಕಿತ್ತು?

ಅವನು ಅದನ್ನು ಊರಿಗೆ ಒಯ್ದ. ಮುಂದೆ ಈಜಿಪ್ಟಿಗೆ ಹೋದ, ದಕ್ಷಿಣ ಆಫ್ರಿಕಾದ ಕೇಪ್ ಗೆದ್ದ, 1809ರ ಜನವರಿಯಲ್ಲಿ ಸ್ಪೇನಿನ ಕೊರುನ್ನಾದಲ್ಲಿ ಎಡಗೈ ಕಳೆದುಕೊಂಡ. 1829ರಲ್ಲಿ ಸತ್ತ. ಹೆಂಡತಿ ಸ್ಕಾಟ್ಲೆಂಡಿನ ಕ್ರೀಫ್ ಬಳಿ ಗುಡ್ಡದ ಮೇಲೆ ದೊಡ್ಡ ಕಲ್ಲುಕಂಬ ನಿಲ್ಲಿಸಿದಳು. ಅಷ್ಟಕ್ಕೇ ಸುಮ್ಮನಾಗದೆ ಡೇವಿಡ್ ವಿಲ್ಕಿ ಎಂಬ ಹೆಸರಾಂತ ಕಲಾವಿದನಿಂದ ಆಳೆತ್ತರಕ್ಕೂ ಮಿಕ್ಕಿದ ಚಿತ್ರ ಬರೆಸಿದಳು. 1839ರಲ್ಲಿ ಮುಗಿಯಿತು. ಟಿಪ್ಪುವಿನ ದೇಹ ಸಿಕ್ಕ ರಾತ್ರಿಯ ಚಿತ್ರ. ವಿಲ್ಕಿ ಭಾರತ ನೋಡಿದವನಲ್ಲ. ಆದರೆ ಅವನು ಒಂದು ಕೆಲಸ ಮಾಡಿದ್ದಾನೆ. ಬೇರ್ಡ್ ನಿಂತಿರುವ ಜಾಗದ ಕೆಳಗೆ ಒಂದು ಕಬ್ಬಿಣದ ಜಾಲರಿ ಬರೆದಿದ್ದಾನೆ. ಬೇರ್ಡ್ ಹಿಂದೆ ಕೈದಿಯಾಗಿದ್ದ ಬಂದೀಖಾನೆಯ ಜಾಲರಿ ಅದು. ಹೆಂಡತಿ ಮರೆತಿರಲಿಲ್ಲ. ಗಂಡನಿಗೆ ಸಲ್ಲಬೇಕಾದ ಲೆಕ್ಕದಲ್ಲಿ ಕತ್ತಿಯನ್ನು ಅವಳು ಪೂರ್ತಿ ಜಮಾ ಮಾಡಿಕೊಂಡಿರಲಿಲ್ಲ ಅನ್ನಿಸುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಅವರ ಮನೆಯ ಷೋಕೇಸಿನಲ್ಲೂ ಒಂದು ಕತ್ತಿ ಇದೆ. ಮರದ ಹಲಗೆಗೆ ಅಂಟಿಸಿದ, ಒಂದು ಗೇಣುದ್ದದ ಹಿತ್ತಾಳೆಯದು. ಕೆಳಗೆ ಅವರ ಹೆಸರು, ಸೇವೆಯ ವರ್ಷಗಳು. ರಿಟೈರ್ ಆದಾಗ ಯೂನಿಟ್‌ನವರು ಕೊಟ್ಟದ್ದು. ಚಿಕ್ಕಮ್ಮ ಆಯುಧಪೂಜೆಯ ದಿನ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮಿಕ್ಸಿ, ಸೈಕಲ್ಲಿನ ಜತೆ ಸಾಲಿಗೆ ಇಟ್ಟು ಕುಂಕುಮ ಹಚ್ಚುತ್ತಾರೆ.

"ಅದ್ಯಾವ್ದರ ಬದಲಿಗೆ ಚಿಕ್ಕಪ್ಪ?" ಎಂದು ಸುಮ್ನೆ ಕೇಳಿದೆ.

"ನಾಯಬ್ ಸುಬೇದಾರ್ ಆಗ್ಬೇಕಿತ್ತು, ಆಗ್ಲಿಲ್ಲ" ಎಂದರು. ಸಿಟ್ಟೇನೂ ಇರಲಿಲ್ಲ. "ಲಿಸ್ಟ್‌ನಲ್ಲಿ ಹೆಸರು ಬತ್ತದೆ ಬತ್ತದೆ ಅಂತ ಎರಡು ವರ್ಷ ಅಂದ್ರು. ಆಮೇಲೆ ಬಡಾಖಾನ ಮಾಡಿ ಇದ್ನ ಕೊಟ್ರು. ಚಪ್ಪಾಳೆ ತಟ್ಟುದ್ರು."

ಅವರ ಮನಸ್ಸು ಬೇರೆ ಕಡೆ ತಿರುಗಿಸೋಣ ಎಂದು ಆತಕೂರಿನ ಕಥೆ ತೆಗೆದೆ. ಆತಕೂರು ನಮ್ಮ ಮಂಡ್ಯ ಜಿಲ್ಲೆಯದೇ, ಮದ್ದೂರು ತಾಲ್ಲೂಕು. ಅಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಕಾಲ 949-50. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಕಡೆ ನಿಂತ ಗಂಗರ ಬೂತುಗನ ಕೆಳಗೆ ಮಣಲೆರ ಎಂಬ ಸೇನಾನಿ ಇದ್ದ. ಚೆನ್ನಾಗಿ ಕಾದಿದ. ಬೂತುಗ ಅವನಿಗೆ ಆತಕೂರನ್ನು 'ಬಾಳ್ಗಚ್ಚು' ಕೊಟ್ಟ ಎಂದು ಶಾಸನ ಹೇಳುತ್ತದೆ. ಬಾಳ್ ಎಂದರೆ ಕತ್ತಿ. ಕರ್ಚು ಎಂದರೆ ತೊಳೆ. ಕಾದಿ ಬಂದವನ ಕತ್ತಿ ತೊಳೆದು ಭೂಮಿ ಕೊಡುವುದು. ಈ ಪದ ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ಓಡಾಡಿದ್ದೆ. ಸಾವಿರ ವರ್ಷದ ಹಿಂದೆ ನಮ್ಮಲ್ಲಿ ಸೇನಾನಿಗೆ ಕತ್ತಿ ಕೊಡುತ್ತಿರಲಿಲ್ಲ. ಕತ್ತಿ ಅವನದೇ. ಅದರ ನೆತ್ತರು ತೊಳೆದು, ಊರು ಕೊಡುತ್ತಿದ್ದರು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮೆಚ್ಚಿದ ಬೂತುಗ, ಏನು ಬೇಕೋ ಕೇಳು ಎಂದನಂತೆ. ಮಣಲೆರ ಕೇಳಿದ್ದು ಕಾಳಿಯನ್ನು. ಕಾಳಿ ಅವನ ದೊರೆಯ ಬೇಟೆನಾಯಿ. ಕೊಟ್ಟ. ಆಮೇಲೆ ಬೆಳತೂರಿನ ಹತ್ತಿರ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಒಂದನ್ನೊಂದು ಕೊಂದು ಸತ್ತವು. ಮಣಲೆರ ಊರ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಉಣ್ಣುವಂತಿಲ್ಲ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಕಾದಾಡುವ ಚಿತ್ರ ಇದೆ. ಯುದ್ಧದ ವಿವರ ಎಲ್ಲ ಅದರ ಸುತ್ತ ಬರೆದದ್ದು.

ಚಿಕ್ಕಪ್ಪ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು. ಬಾಬುರಾಯನಕೊಪ್ಪಲು ದಾಟಿತು. ಸ್ವಲ್ಪ ಹೊತ್ತಾದ ಮೇಲೆ, "ಏನಂದೆ ಆ ನಾಯಿ ಹೆಸರು?" ಎಂದರು.

"ಕಾಳಿ."

ಚಿಕ್ಕಪ್ಪ ಸೈನ್ಯದಲ್ಲಿ ಬಹಳ ವರ್ಷ ಇದ್ದದ್ದು ಹೇಸರಗತ್ತೆಗಳ ಕಂಪನಿಯಲ್ಲಿ. ಸಿಕ್ಕಿಂನ ಬೆಟ್ಟಗಳಲ್ಲಿ ಲಾರಿ ಹೋಗದ ಕಡೆ ಹಿಟ್ಟು, ಸೀಮೆಎಣ್ಣೆ, ಗುಂಡು ಹೊತ್ತುಕೊಂಡು ಹೋಗುವ ಹೇಸರಗತ್ತೆಗಳು. ಅದರ ವಿಷಯ ಅವರು ಮನೆಯಲ್ಲಿ ಹೆಚ್ಚು ಹೇಳಿದ್ದಿಲ್ಲ. ಒಂದು ಸಲ ಹಿಮದಲ್ಲಿ ದಾರಿ ಕಾಣದಾಗ ಒಂದು ಹೇಸರಗತ್ತೆಯ ಬಾಲ ಹಿಡಿದುಕೊಂಡು ಠಾಣೆ ಸೇರಿದ್ದು ಮಾತ್ರ ಗೊತ್ತು.

"ನಂದುಕ್ಕೆ ಹೆಸರಿರ್ಲಿಲ್ಲ ಕಣ್ಲಾ" ಎಂದರು. "ಗೊರಸಿನ ಮೇಲೆ ನಂಬರು."

ಆಮೇಲೆ ಆ ನಂಬರು ಹೇಳಿದರು. ತಡವರಿಸದೆ, ಹಾಜರಿ ಕೂಗುವಾಗ ಹೇಳುವ ಹಾಗೆ, ಹಿಂದಿಯಲ್ಲಿ.